ಮೇ ತಿಂಗಳಲ್ಲೂ ನಿಲ್ಲುವ ವೇಗ: ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಗೆಳೆಯರಿಗೆ ಬಹಿರಂಗ ಪತ್ರ

ಗೇಮಿಂಗ್ ಸಿಸ್ಟಂ ಕಟ್ಟಿಕೊಂಡಿರುವ ತಮ್ಮಂದಿರೇ, ತಂಗಿಯರೇ, ಮದುವೆ ವಿಡಿಯೋ ಎಡಿಟ್ ಮಾಡಿ ಮನೆ ನಡೆಸುವ ಸ್ಟುಡಿಯೋ ಗೆಳೆಯರೇ,

ಮಾರ್ಚ್ ಇನ್ನೂ ಅರ್ಧ ಕಳೆದಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯ ಶಟರ್ ಮುಟ್ಟಿದರೆ ಆಗಲೇ ಕೈ ಚುರ್ ಎನ್ನುತ್ತಿದೆ. ಪ್ರತಿ ವರ್ಷ ಇದೇ ಹೊತ್ತಿಗೆ ನನ್ನ ರಿಪೇರಿ ಮೇಜಿನ ಮೇಲೆ ಒಂದೇ ಬಗೆಯ ಸಿಸ್ಟಂಗಳು ಬಂದು ಕೂರುತ್ತವೆ. ಆಟದ ನಡುವೆ ಪರದೆ ಕಪ್ಪಾಗುತ್ತದೆ, ಚಿತ್ರದ ಮೇಲೆ ಬಣ್ಣದ ಚುಕ್ಕೆಗಳು ಮಿಣುಕುತ್ತವೆ, ರೆಂಡರ್ ಮುಕ್ಕಾಲು ಭಾಗ ಮುಗಿದು ನಿಂತುಬಿಡುತ್ತದೆ. ಬಿಚ್ಚಿ ನೋಡಿದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿರುವುದಿಲ್ಲ. ಚಳಿಗಾಲದಲ್ಲಿ ಯಾವುದೋ ವಿಡಿಯೋ ನೋಡಿ ಕಾರ್ಖಾನೆಯ ವೇಗಕ್ಕಿಂತ ಮೇಲೆ ಏರಿಸಿಟ್ಟ ಓವರ್‌ಕ್ಲಾಕ್ ಹಾಗೇ ಇರುತ್ತದೆ. ಈ ವರ್ಷ ನೀವು ಸಿಸ್ಟಂ ಹೊತ್ತುಕೊಂಡು ಬರುವ ಮೊದಲೇ ಹೇಳಿಬಿಡೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಓವರ್‌ಕ್ಲಾಕ್ ಮಾಡಬೇಡಿ ಎಂದು ಹೇಳಲು ಬಂದಿಲ್ಲ. ಮಾಡಿ. ಕಷ್ಟಪಟ್ಟು ದುಡ್ಡು ಕೂಡಿಸಿ ತಂದ ಕಾರ್ಡಿನಿಂದ ಇನ್ನೊಂದಿಷ್ಟು ಕೆಲಸ ತೆಗೆಯುವುದರಲ್ಲಿ ತಪ್ಪಿಲ್ಲ, ಅದರಲ್ಲಿ ಕಲಿಯುವುದೂ ಬೇಕಾದಷ್ಟಿದೆ. ಆದರೆ ನಮ್ಮ ಊರಿನಲ್ಲಿ ಕಾರ್ಡನ್ನು ಅಳೆಯಬೇಕಾದದ್ದು ಡಿಸೆಂಬರ್ ರಾತ್ರಿಯಲ್ಲಲ್ಲ, ಏಪ್ರಿಲ್ ಮಧ್ಯಾಹ್ನದಲ್ಲಿ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಸಿರುಗುಪ್ಪದ ಸ್ಟುಡಿಯೋ ಹುಡುಗನೊಬ್ಬನಿಗೆ ಆರ್‌ಟಿಎಕ್ಸ್ 3060 ಹಾಕಿ ಸಿಸ್ಟಂ ಕಟ್ಟಿಕೊಟ್ಟಿದ್ದೆ. ಡಿಸೆಂಬರ್ ತಿಂಗಳು, ಕೋಣೆಯಲ್ಲಿ 24 ಡಿಗ್ರಿ ಸೆಲ್ಸಿಯಸ್. ಅವನ ಎದುರಿಗೇ ಕೂತು ಕೋರ್ ಕ್ಲಾಕ್ ಏರಿಸಿದೆ, ಮೆಮೊರಿ ಏರಿಸಿದೆ, ಎರಡು ಗಂಟೆ ಪರೀಕ್ಷೆ ಓಡಿಸಿದೆ. ಕಾರ್ಡಿನ ಬಿಸಿ 66ಕ್ಕೆ ನಿಂತಿತು, ಒಂದು ತಪ್ಪೂ ಬರಲಿಲ್ಲ. ಹುಡುಗ ಖುಷಿಪಟ್ಟ, ನಾನೂ ಖುಷಿಪಟ್ಟೆ. ಮೇ ತಿಂಗಳಲ್ಲಿ ಒಂದು ರಾತ್ರಿ ಫೋನ್ ಬಂತು. "ಅಣ್ಣಾ, ಮದುವಿ ವಿಡಿಯೋ ನಾಳೆ ಮುಂಜಾನಿ ಕೊಡಬೇಕು. ಸಿಸ್ಟಂ ಅರ್ಧಕ್ಕ ಕಪ್ಪಾಗಿ ನಿಂತ್ಕೊಂತೈತಿ. ನಾಕ್ ಸಲ ಆತು." ಆ ಕೋಣೆಗೆ ತಗಡಿನ ಸೂರು. ಥರ್ಮಾಮೀಟರ್ ನೋಡು ಅಂದೆ, 41 ಅಂದ. ಕಾರ್ಡು 83 ತೋರಿಸುತ್ತಿತ್ತು. ಫೋನಿನಲ್ಲೇ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರಿಸಿದೆ, ಬೆಳಗಿನ ನಾಲ್ಕಕ್ಕೆ ರೆಂಡರ್ ಮುಗಿಯಿತು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೂ ಸಲ್ಲುತ್ತಿತ್ತು.

ಲೆಕ್ಕ ನೋಡಿ. ಕೋಣೆ 24 ಇದ್ದಾಗ ಕಾರ್ಡು 66, ಕೋಣೆ 41 ಆದಾಗ 83. ಎರಡರ ನಡುವೆ ಯಾವಾಗಲೂ 42 ಡಿಗ್ರಿಯ ಅಂತರ. ಫ್ಯಾನು ಮಾಡುವ ಕೆಲಸ ಇಷ್ಟೇ, ಸಿಲಿಕಾನಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದು. ಕೋಣೆಯೇ ಕಾದಿದ್ದರೆ ಅದೇನು ಮಾಡೀತು? ನೀವು ನೋಡುವ ವಿಡಿಯೋಗಳಲ್ಲಿ ಹೇಳುವ ಅಂಕಿಗಳು ಬಹುಪಾಲು ಎಸಿ ಹಾಕಿದ 22-25 ಡಿಗ್ರಿಯ ಕೋಣೆಯಲ್ಲಿ ತೆಗೆದವು. ಅವರು ಸುಳ್ಳು ಹೇಳುತ್ತಿಲ್ಲ. ಅದು ಅವರ ಕೋಣೆಯ ಸತ್ಯ, ನಮ್ಮ ಬಂಡೆ ಹಾಸಿದ ಮಾಳಿಗೆಯ ಕೆಳಗಿನ ಸತ್ಯವಲ್ಲ.

ಬಿಸಿ ಏರಿದರೆ ಕಾರ್ಡು ಯಾಕೆ ತಪ್ಪುತ್ತದೆ ಎಂಬುದನ್ನೂ ತಿಳಿದುಕೊಂಡಿರಿ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳು ಆಫ್ ಆಗಿದ್ದಾಗಲೂ ಒಂದಿಷ್ಟು ಕರೆಂಟ್ ಸೋರುತ್ತದೆ. ಕಾದಷ್ಟೂ ಆ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಷ್ಟೂ ಇನ್ನೂ ಬಿಸಿ, ಬಿಸಿಯಾದಷ್ಟೂ ಲೆಕ್ಕ ಹೊತ್ತಿಗೆ ಮುಗಿಯಲು ಉಳಿಯುವ ಎಡೆ ಕಡಿಮೆ. 24 ಡಿಗ್ರಿಯ ಕೋಣೆಯಲ್ಲಿ ಕೂದಲೆಳೆಯ ಅಂತರದಲ್ಲಿ ಸರಿಹೋಗುತ್ತಿದ್ದ ಲೆಕ್ಕ 41ರಲ್ಲಿ ಒಂದು ಕ್ಷಣ ತಡವಾದರೂ ತಪ್ಪು ಬಿತ್ತು. ವಿಂಡೋಸ್ ಎರಡು ಸೆಕೆಂಡು ಕಾಯುತ್ತದೆ, ಕಾರ್ಡಿನಿಂದ ಉತ್ತರ ಬರದಿದ್ದರೆ ಡ್ರೈವರನ್ನು ತಾನೇ ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ನೀವು ನೋಡುವ ಆ ಕಪ್ಪು ಪರದೆ ಅದೇ.

ಇನ್ನೊಂದು ವಿಷಯ. 2012ರಲ್ಲಿ ಎನ್‌ವಿಡಿಯಾ ಜಿಟಿಎಕ್ಸ್ 680 ಜೊತೆಗೆ ಜಿಪಿಯು ಬೂಸ್ಟ್ ತಂದ ಮೇಲೆ ಕಾರ್ಡುಗಳು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ತಂಪಿದ್ದರೆ, ಕರೆಂಟಿನ ಮಿತಿ ಉಳಿದಿದ್ದರೆ ಮೇಲೆ, ಬಿಸಿಯಾದರೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ. ಅಂದರೆ ಇವತ್ತಿನ ಕಾರ್ಡು ಕಾರ್ಖಾನೆಯಿಂದ ಬರುವಾಗಲೇ ತನ್ನನ್ನು ತಾನು ಓವರ್‌ಕ್ಲಾಕ್ ಮಾಡಿಕೊಳ್ಳುವುದನ್ನು ಕಲಿತಿರುತ್ತದೆ. ನಮಗೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ ಐದು, ಬಹಳವೆಂದರೆ ಹತ್ತು. 60 ಫ್ರೇಮ್ ಬರುವಲ್ಲಿ 64 ಬಂದೀತು. ಮೇ ತಿಂಗಳಲ್ಲಿ ಕಾರ್ಡು ಬಿಸಿಗೆ ಕೆಳಗಿಳಿದರೆ ಆ ನಾಲ್ಕನ್ನೂ ಅದು ವಾಪಸ್ ತೆಗೆದುಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ವೇಗ ಹುಡುಕುವವರು ಮೊದಲು ತಂಪು ಹುಡುಕಬೇಕು.

ತಂಪಿನ ಮೊದಲ ಶತ್ರು ಧೂಳು. ಕ್ಯಾಬಿನೆಟ್ ಬಿಚ್ಚಿದರೆ ಸಿಸ್ಟಂ ಯಾವ ಓಣಿಯಿಂದ ಬಂದಿದೆ ಎಂದು ನಾನು ಹೇಳಬಲ್ಲೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಂದ ಬಂದದ್ದಾದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ನೀಲಿ ಎಳೆ ಕಂಬಳಿಯಂತೆ ಮೆತ್ತಿರುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ್ದಾದರೆ ಕೆಂಧೂಳು. ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತಲಿನದಾದರೆ ಭತ್ತದ ಹೊಟ್ಟಿನ ಹಳದಿ ಪುಡಿ. ಕುರುಗೋಡಿನ ಕಡೆ ಮೆಣಸಿನಕಾಯಿ ಒಣಹಾಕುವ ಹೊತ್ತಿನಲ್ಲಿ ಬಂದ ಸಿಸ್ಟಮ್ಮಿಗೆ ಬ್ಲೋವರ್ ಹಿಡಿದರೆ ಅಂಗಡಿಯಲ್ಲಿದ್ದವರೆಲ್ಲ ಸೀನುತ್ತೇವೆ. ಇವುಗಳಲ್ಲಿ ಎಳೆಯೇ ಕೆಟ್ಟದ್ದು. ಪುಡಿ ಗಾಳಿಗೆ ಹಾರುತ್ತದೆ, ಎಳೆ ಹೆಣೆದುಕೊಂಡು ಕೂರುತ್ತದೆ, ಬ್ರಷ್ ಹಾಕಿ ಕೆದಕಿಯೇ ತೆಗೆಯಬೇಕು.

ಎರಡು ತಿಂಗಳಿಗೊಮ್ಮೆ ಶುಚಿ ಮಾಡಿ. ಪ್ಲಗ್ ತೆಗೆದು, ಹೊರಗೆ ಒಯ್ದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಬಿಡಿ. ಹಿಡಿಯದೆ ಬಿಟ್ಟರೆ ಫ್ಯಾನು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಒಂದು ಸ್ಟೂಲಿನ ಮೇಲಿರಲಿ. ಗೋಡೆಗೆ ಒತ್ತಿ ಇಡಬೇಡಿ. ನಮ್ಮ ಒಣ ಬೇಸಿಗೆಯಲ್ಲಿ ನೀರಿನ ಕೂಲರ್ ಕೋಣೆಯನ್ನು ನಿಜವಾಗಿಯೂ ತಂಪು ಮಾಡುತ್ತದೆ, ಅದು ನಮಗಿರುವ ಭಾಗ್ಯ. ಆದರೆ ಅದರ ಗಾಳಿ ನೇರ ಸಿಸ್ಟಂ ಮೇಲೆ ಬೀಸದಿರಲಿ. ತುಂತುರು ಹಾರಿ ಬಿದ್ದು ಒಣಗಿದರೆ ಬೋರ್‌ವೆಲ್ ನೀರಿನ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತದೆ. ನಾಲ್ಕೈದು ವರ್ಷದ ಕಾರ್ಡಾದರೆ ಥರ್ಮಲ್ ಪೇಸ್ಟ್ ಬದಲಿಸಿ, ಒಣಗಿದ ಪೇಸ್ಟ್ ಇಟ್ಟುಕೊಂಡು ಕ್ಲಾಕ್ ಏರಿಸುವುದು ವ್ಯರ್ಥ.

ಈಗ ಸಾಫ್ಟ್‌ವೇರ್. ನೀವೆಲ್ಲ ಹೆಸರು ಕೇಳಿರುವ ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಬೇರೆ ಕಂಪನಿಯ ಕಾರ್ಡುಗಳ ಮೇಲೂ ನಡೆಯುತ್ತದೆ. ಅದರ ಬೇರು ರಿವಾಟ್ಯೂನರ್ ಎಂಬ ಹಳೆಯ ಸಾಧನದಲ್ಲಿದೆ. ಎರಡನ್ನೂ ಕಟ್ಟಿದವರು ರಷ್ಯಾದ ಪ್ರೋಗ್ರಾಮರ್ ಅಲೆಕ್ಸೆಯ್ ನಿಕೊಲಾಯ್‌ಚುಕ್. ಒಬ್ಬ ಮನುಷ್ಯನ ವರ್ಷಗಳ ದುಡಿಮೆ ಜಗತ್ತಿನ ಇಷ್ಟೊಂದು ಮೇಜುಗಳ ಮೇಲೆ ಕೂತಿದೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಅದನ್ನು ಎಂಎಸ್‌ಐ ಕಂಪನಿಯ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಅದರ ವೇಷ ಹಾಕಿದ ನಕಲಿ ತಾಣ ವೈರಸ್ ಹಂಚುತ್ತಿದೆ ಎಂದು 2021ರಲ್ಲಿ ಕಂಪನಿಯೇ ಎಚ್ಚರಿಸಿತ್ತು. ಪೆನ್‌ಡ್ರೈವ್‌ನಲ್ಲಿ ಗೆಳೆಯ ಕೊಟ್ಟದ್ದೂ ಬೇಡ. ಎಎಂಡಿ ಕಾರ್ಡಿನವರಿಗೆ ಆಡ್ರಿನಲಿನ್ ಡ್ರೈವರಿನೊಳಗೇ ಟ್ಯೂನಿಂಗ್ ಪುಟ ಇದೆ, ಬೇರೇನೂ ಬೇಕಿಲ್ಲ. ಬಿಸಿ ನೋಡಲು ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯೂ ಇನ್ಫೋ ಸಾಕು. ಕಾರ್ಡು ತೋರಿಸಿದರೆ ಹಾಟ್‌ಸ್ಪಾಟ್ ಎಂಬ ಸಾಲನ್ನೂ ನೋಡಿ. ಚಿಪ್ಪಿನಲ್ಲಿ ಎಲ್ಲಕ್ಕಿಂತ ಕಾದ ಜಾಗ ಅದು, ಸರಾಸರಿಯ ಹಿಂದೆ ಅಡಗಿರುತ್ತದೆ.

ಏನನ್ನೂ ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಕಾರ್ಡು ಈಗ ಹೇಗಿದೆಯೋ ಹಾಗೇ ಯುನಿಜಿನ್ ಸೂಪರ್‌ಪೊಸಿಷನ್ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿ, ಕೋಣೆಯ ಬಿಸಿ, ಕಾರ್ಡಿನ ಬಿಸಿ, ಹಾಟ್‌ಸ್ಪಾಟ್, ಬಂದ ಅಂಕ, ಎಲ್ಲ ಬರೆದಿಡಿ. ಕೋಣೆಯ ಥರ್ಮಾಮೀಟರ್ ನೂರಿನ್ನೂರು ರೂಪಾಯಿಯ ವಸ್ತು. ಸಾವಿರಾರು ರೂಪಾಯಿ ಕೊಟ್ಟು ಕಾರ್ಡು ತಂದವರು ಅದೊಂದನ್ನು ತರುವುದಿಲ್ಲ. ದಯವಿಟ್ಟು ತನ್ನಿ.

ಆಮೇಲೆ ಫ್ಯಾನಿನ ರೇಖೆ. ಕಾರ್ಖಾನೆಯವರು ಸದ್ದು ಕಡಿಮೆಯಿರಲಿ ಎಂದು ಫ್ಯಾನನ್ನು ನಿಧಾನಕ್ಕೆ ಬಿಟ್ಟಿರುತ್ತಾರೆ. ನಮಗೆ 70 ಡಿಗ್ರಿಯ ಹೊತ್ತಿಗೆ ಅದು ನೂರಕ್ಕೆ 70-75ರಷ್ಟು ತಿರುಗಲಿ. ಸೀಲಿಂಗ್ ಫ್ಯಾನು, ಕೂಲರಿನ ಸದ್ದಿನಲ್ಲಿ ಇದು ಕೇಳಿಸುವುದೇ ಇಲ್ಲ.

ಈಗ ನಾನು ಈ ಪತ್ರದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು. ಎಲ್ಲರೂ ಮೊದಲು ಕೋರ್ ಕ್ಲಾಕ್ ಏರಿಸುತ್ತಾರೆ. ನೀವು ಮೊದಲು ವೋಲ್ಟೇಜ್ ಇಳಿಸಿ. ಚಿಪ್ಪಿನ ಟ್ರಾನ್ಸಿಸ್ಟರುಗಳು ಆನ್-ಆಫ್ ಆಗಲು ನುಂಗುವ ಪವರ್ ಕ್ಲಾಕಿನ ಜೊತೆ ಸಮನಾಗಿ ಏರುತ್ತದೆ, ವೋಲ್ಟೇಜಿನ ಜೊತೆಗಾದರೋ ಅದರ ವರ್ಗದಷ್ಟು ಏರುತ್ತದೆ. 1050 ಮಿಲಿವೋಲ್ಟಿನಲ್ಲಿ ಓಡುವ ಚಿಪ್ಪನ್ನು ಅದೇ ವೇಗದಲ್ಲಿ 900ರಲ್ಲಿ ಓಡಿಸಿದರೆ, ಟ್ರಾನ್ಸಿಸ್ಟರುಗಳ ಆ ಮುಖ್ಯ ಖರ್ಚು ನೂರಕ್ಕೆ 26ರಷ್ಟು ಇಳಿಯುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು! ಪ್ರತಿ ಚಿಪ್ಪೂ ಒಂದೇ ಹದದಲ್ಲಿ ಹುಟ್ಟುವುದಿಲ್ಲವಾದ್ದರಿಂದ ಎಲ್ಲಕ್ಕಿಂತ ದುರ್ಬಲವಾದದ್ದೂ ನಡೆಯಲಿ ಎಂದು ಕಾರ್ಖಾನೆಯವರು ಎಲ್ಲಕ್ಕೂ ಒಂದಿಷ್ಟು ಹೆಚ್ಚೇ ವೋಲ್ಟೇಜ್ ಇಟ್ಟಿರುತ್ತಾರೆ. ಆ ಹೆಚ್ಚಿನದು ನಿಮ್ಮ ಕೋಣೆಯಲ್ಲಿ ಬರೀ ಬಿಸಿಯಾಗುತ್ತಿದೆ.

ಎನ್‌ವಿಡಿಯಾ ಕಾರ್ಡಾದರೆ ಮಾಡುವ ಬಗೆ ಹೀಗೆ. ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀ ಒಟ್ಟಿಗೆ ಒತ್ತಿದರೆ ವೋಲ್ಟೇಜ್ ಒಂದು ಕಡೆ, ಕ್ಲಾಕ್ ಇನ್ನೊಂದು ಕಡೆ ಇರುವ ರೇಖೆ ಕಾಣುತ್ತದೆ. ಮೊದಲು ಕೋರ್ ಕ್ಲಾಕಿನ ಸ್ಲೈಡರನ್ನು ಸಾಕಷ್ಟು ಕೆಳಗೆಳೆದು ಇಡೀ ರೇಖೆಯನ್ನು ತಗ್ಗಿಸಿ. ಆಮೇಲೆ 900 ಮಿಲಿವೋಲ್ಟಿನ ಚುಕ್ಕೆಯೊಂದನ್ನೇ ಹಿಡಿದು ನಿಮ್ಮ ಕಾರ್ಡು ಆಟದಲ್ಲಿ ಸಾಮಾನ್ಯವಾಗಿ ಓಡುವ ವೇಗಕ್ಕೆ ಏರಿಸಿ, ಅಪ್ಲೈ ಒತ್ತಿ. ಅದರ ಬಲಕ್ಕಿರುವ ಚುಕ್ಕೆಗಳೆಲ್ಲ ಅದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ, ಕಾರ್ಡು ಇನ್ನು 900ರ ಮೇಲೆ ಹೋಗುವುದಿಲ್ಲ. ನಿಲ್ಲದಿದ್ದರೆ 925ಕ್ಕೆ ಹೋಗಿ, ಚೆನ್ನಾಗಿ ನಿಂತರೆ 875 ನೋಡಿ. ಸಿರುಗುಪ್ಪದ ಆ ಹುಡುಗನ ಕಾರ್ಡಿಗೆ ಕೊನೆಗೆ ಮಾಡಿದ್ದು ಇದನ್ನೇ. ಅದೇ ತಗಡಿನ ಸೂರಿನ ಕೆಳಗೆ ಅದು ಈಗ ಎರಡು ಬೇಸಿಗೆ ದಾಟಿದೆ. ಈ ರೇಖೆಯೆಲ್ಲ ಗೋಜಲು ಅನ್ನಿಸಿದವರು ಪವರ್ ಲಿಮಿಟ್ ಸ್ಲೈಡರನ್ನು 100ರಿಂದ 80ಕ್ಕೆ ಇಳಿಸಿದರೂ ಸಾಕು. ಫ್ರೇಮು ತುಸುವೇ ಇಳಿಯುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ.

ಹೀಗೆ ತಂಪಾದ ಕಾರ್ಡಿನ ಮೇಲೆ ವೇಗ ಏರಿಸಿ. ಕೋರ್ ಒಂದು ಸಲಕ್ಕೆ 15 ಮೆಗಾಹರ್ಟ್ಸ್, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ಮೆಟ್ಟಿಲಿಗೂ ಪರೀಕ್ಷೆ, ಪ್ರತಿ ಮೆಟ್ಟಿಲಿಗೂ ನೋಟ್‌ಬುಕ್. ನಮ್ಮ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಡೊಲೆರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಅರೆಬರೆಯಾಗಿ ಬಿಟ್ಟವೂ ಅಲ್ಲಿ ರಾಶಿಯಾಗಿ ಸಿಕ್ಕಿವೆ. ಅವನ್ನು ನೋಡುವಾಗ ಒಂದೊಂದೇ ಚೂರು ಎಬ್ಬಿಸಿದ ಕೈಯ ತಾಳ್ಮೆ ಕಾಣುತ್ತದೆ. ಒಂದು ಏಟು ಜೋರಾದರೆ ಕಲ್ಲು ಎರಡು ಹೋಳು. ಕಾರ್ಡು ಹಾಗೆ ಹೋಳಾಗುವುದಿಲ್ಲ ಎಂಬುದು ನಮ್ಮ ಅದೃಷ್ಟ. ಸಾಫ್ಟ್‌ವೇರಿನಲ್ಲಿ ತಪ್ಪಿದರೆ ಪರದೆ ಕಪ್ಪಾಗುತ್ತದೆ, ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತೆ. ಅದಕ್ಕೇ ಹೇಳುವುದು, ಸಿಸ್ಟಂ ಶುರುವಾಗುವಾಗಲೇ ಸೆಟ್ಟಿಂಗ್ ಅನ್ವಯಿಸು ಎಂಬ ಗುಂಡಿಯನ್ನು ಒಂದು ವಾರ ಒತ್ತಲೇಬೇಡಿ. ಒತ್ತಿದ್ದರೆ ತಪ್ಪು ಸೆಟ್ಟಿಂಗು ಪ್ರತಿ ಸಲ ನಿಮಗಿಂತ ಮೊದಲು ಎದ್ದು ಕೂರುತ್ತದೆ, ಸೇಫ್ ಮೋಡಿಗೆ ಹೋಗಿ ತೆಗೆಯಬೇಕಾಗುತ್ತದೆ.

ಮೆಮೊರಿಯನ್ನು ಬೇರೆಯಾಗಿ, ಕೋರ್ ಮುಗಿದ ಮೇಲೆ ಏರಿಸಿ. ಇಲ್ಲೊಂದು ಮೋಸವಿದೆ. ಜಿಡಿಡಿಆರ್6 ಮೆಮೊರಿ ಸಾಗುವ ದಾರಿಯಲ್ಲಿನ ತಪ್ಪು ಪತ್ತೆಹಚ್ಚಿ ಅದೇ ಮಾಹಿತಿಯನ್ನು ಮತ್ತೆ ಕಳಿಸಬಲ್ಲದು. ಆದ್ದರಿಂದ ತುಸು ಮಿತಿ ಮೀರಿದರೂ ಪರದೆ ಕೂಡಲೇ ಕಪ್ಪಾಗದಿರಬಹುದು, ಮತ್ತೆ ಮತ್ತೆ ಕಳಿಸುವುದರಲ್ಲೇ ಹೊತ್ತು ಹೋಗುತ್ತದೆ. ಕ್ಲಾಕ್ ಏರಿದೆ, ಅಂಕ ಇಳಿದಿದೆ ಎಂದಾದರೆ ನೀವು ಮಿತಿ ದಾಟಿದ್ದೀರಿ. ನೋಟ್‌ಬುಕ್ ಇಲ್ಲದವರಿಗೆ ಇದು ತಿಳಿಯುವುದೇ ಇಲ್ಲ. ವೇಗ ಏರಿದೆ ಎಂದು ನಂಬಿಕೊಂಡು ನಿಧಾನವಾದ ಕಾರ್ಡು ಓಡಿಸುತ್ತಿರುತ್ತಾರೆ.

ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಎಸಿ ಇದ್ದರೂ ಆರಿಸಿ, ನೀವು ದಿನಾ ಆಡುವ ಆಟವನ್ನೇ ಒಂದು ಗಂಟೆ ಓಡಿಸಿ. ಸ್ಟುಡಿಯೋದವರು ಒಂದು ಹಳೆಯ ಮದುವೆಯನ್ನು ಪೂರ್ತಿ ರೆಂಡರ್ ಮಾಡಿ. ಫರ್‌ಮಾರ್ಕ್ ಎಂಬುದನ್ನು ಹಾಕಿ ಗಂಟೆಗಟ್ಟಲೆ ಕಾಯಿಸಬೇಡಿ. ಯಾವ ಆಟವೂ ಕೊಡದಷ್ಟು ಹೊರೆ ಹೇರುವುದೇ ಅದರ ಕೆಲಸ, ನಮ್ಮ ಬಿಸಿಲಿನಲ್ಲಿ ಅದರಿಂದ ಕಲಿಯುವಂಥದ್ದೇನಿಲ್ಲ. ಬಿಸಿ 80ರ ಒಳಗೆ ಉಳಿದರೆ ಚೆನ್ನ. 83ರ ಹತ್ತಿರ ಹೆಚ್ಚಿನ ಎನ್‌ವಿಡಿಯಾ ಕಾರ್ಡುಗಳು ತಾವೇ ವೇಗ ತಗ್ಗಿಸಲು ಶುರುಮಾಡುತ್ತವೆ. ಬಣ್ಣದ ಚುಕ್ಕೆ, ಉದ್ದಕ್ಕೆ ಎಳೆದ ತ್ರಿಕೋನ, ಚೌಕುಳಿ ಏನೇ ಒಂದು ಕಂಡರೂ ಎರಡು ಮೆಟ್ಟಿಲು ಕೆಳಗಿಳಿಯಿರಿ. ಒಂದೇ ಮೆಟ್ಟಿಲು ಇಳಿದು ನಿಲ್ಲಬೇಡಿ.

ಕಾರ್ಡಿನೊಳಗಿನ ಬಯಾಸನ್ನೇ ಬದಲಿಸಿ ಬರೆಯುವ, ಅಂದರೆ ಫ್ಲ್ಯಾಶ್ ಮಾಡುವ ಮಾತು ಬೇಡವೇ ಬೇಡ. ಸ್ಲೈಡರಿನ ತಪ್ಪು ರೀಸ್ಟಾರ್ಟಿಗೆ ಹೋಗುತ್ತದೆ, ಬಯಾಸಿನ ತಪ್ಪು ಕಾರ್ಡಿನಲ್ಲೇ ಉಳಿಯುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಕಾರ್ಡು ಮಾತೇ ಆಡುವುದಿಲ್ಲ. ಕುಡತಿನಿಯ ಶಾಖೋತ್ಪನ್ನ ಸ್ಥಾವರ ಕೂಗಳತೆಯಲ್ಲಿದ್ದರೂ ನಮ್ಮ ಮನೆಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ನಿಮಗೇ ಗೊತ್ತು.

ಕರೆಂಟಿನ ಮಾತು ಬಂತು. ಓವರ್‌ಕ್ಲಾಕಿನಿಂದ ಸತ್ತ ಕಾರ್ಡನ್ನು ನಾನು ಕಂಡದ್ದು ಬಹಳ ಕಡಿಮೆ. ಹೆಸರಿಲ್ಲದ ಎಸ್‌ಎಂಪಿಎಸ್ ಸುಟ್ಟು, ಜೊತೆಗೆ ಕಾರ್ಡನ್ನೂ ಕೊಂಡೊಯ್ದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್, ಆರು ಪಿನ್ನಿನ ತಂತಿ ಇನ್ನು 75, ಎಂಟು ಪಿನ್ನಿನದು 150. ಜಿಟಿಎಕ್ಸ್ 1650ರ ಮೂಲ ವಿನ್ಯಾಸ 75 ವ್ಯಾಟಿನದು, ಹಲವು ಮಾದರಿಗಳಿಗೆ ತಂತಿಯೇ ಇಲ್ಲ. ಅಂಥದ್ದನ್ನು ಏರಿಸಲು ಹೆಚ್ಚು ಜಾಗವಿಲ್ಲ, ಅದಕ್ಕೆ ವೋಲ್ಟೇಜ್ ಇಳಿಸುವುದೇ ಸರಿಯಾದ ದಾರಿ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು. 80 ಪ್ಲಸ್ ಪ್ರಮಾಣಪತ್ರವಿರುವ ಒಳ್ಳೆಯ ಎಸ್‌ಎಂಪಿಎಸ್ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದಾದರೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಹಲವಕ್ಕೆ ಅದು ಒಗ್ಗುವುದಿಲ್ಲ, ಕರೆಂಟ್ ಹೋದ ಕೂಡಲೇ ಸಿಸ್ಟಂ ಆರಬಹುದು. ಸೈನ್ ವೇವ್ ನೋಡಿ ಕೊಳ್ಳಿ. ಅರ್ತಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದಲ್ಲ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಂಡವರಿಗೆ ಒಂದು ಮಾತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯವನ್ನು ಕಾರ್ಡುಗಳಿಂದ ಗಳಿಸುವ ಗಣಿಗಾರಿಕೆ ನಿಂತಿತು. ಅಲ್ಲಿಯತನಕ ಹಗಲೂ ರಾತ್ರಿ ದುಡಿದ ಕಾರ್ಡುಗಳು ಜಗತ್ತಿನ ಎಲ್ಲ ಹಳೆ ಸಾಮಾನಿನ ಬಜಾರುಗಳಿಗೆ ಬಂದವು. ಅವೆಲ್ಲ ಕೆಟ್ಟವೆಂದೇನಲ್ಲ. ಆದರೆ ಫ್ಯಾನು ಸವೆದಿರುತ್ತದೆ, ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಒಣಗಿರುತ್ತದೆ, ಕೆಲವದರ ಬಯಾಸನ್ನೂ ಬದಲಿಸಿರುತ್ತಾರೆ. ಅಂಥ ಕಾರ್ಡಿನ ಮೆಮೊರಿಯನ್ನು ಏರಿಸಲು ಹೋಗಬೇಡಿ. ಹೊಸ ಕಾರ್ಡಿನವರು ವಾರಂಟಿ ಕಾಗದವನ್ನು ಒಮ್ಮೆ ಓದಿಕೊಳ್ಳಿ, ಓವರ್‌ಕ್ಲಾಕಿನ ಬಗ್ಗೆ ಒಂದೊಂದು ಕಂಪನಿಯದು ಒಂದೊಂದು ಮಾತು. ಕೆಟ್ಟರೆ ಬೆಂಗಳೂರಿಗೆ ಕಳಿಸಬೇಕು, ಮುನ್ನೂರು ಕಿಲೋಮೀಟರ್ ದಾರಿ, ವಾರಗಟ್ಟಲೆ ಕಾಯಬೇಕು. ಸ್ಟುಡಿಯೋದವರಿಗೆ ಮದುವೆ ತಿಂಗಳಿನಲ್ಲಿ ಆ ವಾರಗಳು ಅಂದರೆ ಅನ್ನ.

ಕೊನೆಯದಾಗಿ ನಿಮ್ಮಿಂದ ನನಗೊಂದು ಬೇಕು. ನಮ್ಮ ಬಿಸಿಲಿಗೆ, ನಮ್ಮ ಮನೆಗಳಿಗೆ ಹೊಂದುವ ಅಂಕಿಗಳನ್ನು ನಾವೇ ಬರೆದಿಟ್ಟುಕೊಳ್ಳೋಣ. ಈ ಏಪ್ರಿಲ್, ಮೇ ತಿಂಗಳಲ್ಲಿ ಯಾವುದಾದರೂ ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ, ಕಾರ್ಡಿನ ಮಾದರಿ, ಸೂರು ಎಂಥದ್ದು, ಕೋಣೆಯ ಬಿಸಿ, ಕಾರ್ಡಿನ ಬಿಸಿ, ಎಷ್ಟು ಮಿಲಿವೋಲ್ಟು, ಎಷ್ಟು ಮೆಗಾಹರ್ಟ್ಸ್, ಒಂದು ಗಂಟೆ ನಿಂತಿತೋ ಇಲ್ಲವೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ನನಗೆ ತಲುಪಿಸಿ. ನಿಲ್ಲದಿದ್ದದ್ದನ್ನೂ ಬರೆಯಿರಿ, ಅದು ಇನ್ನೂ ಹೆಚ್ಚು ಬೇಕು. ಅಂಗಡಿಯ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿ ಗೆರೆ ಎಳೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಸಿರುಗುಪ್ಪದ ಆ ಕಾರ್ಡು ಇದೆ, ಡಿಸೆಂಬರಿನ ಅಂಕಿ ಒಂದು ಕಡೆ, ಮೇ ತಿಂಗಳಿನದು ಇನ್ನೊಂದು ಕಡೆ. ಎರಡನೇ ಸಾಲು ಖಾಲಿ ಇದೆ.

ಇಂತಿ,
ಬಳ್ಳಾರಿಯಿಂದ ನಿಮ್ಮ ರಿಪೇರಿ ಅಂಗಡಿಯ ಅಣ್ಣ